ಟೇಪು ಹಿಡಿಯದ ಮಾಸ್ತರು

ಲೋಕದಲ್ಲಿ ಟೈಲರುಗಳು ಎರಡು ಬಗೆ. ಟೇಪು ಹಿಡಿದು, ನಾಲ್ಕು ಸಲ ಅಳತೆ ತೆಗೆದು, ಆಮೇಲೆ ತಪ್ಪು ಹೊಲಿಯುವವರು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಇರುವವರು ಒಬ್ಬರೇ. ಅವರು ನಮ್ಮ ಬೀದಿಯಲ್ಲಿದ್ದಾರೆ.

ಮಾಸ್ತರು ಟೇಪು ಮುಟ್ಟುವುದಿಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗ ಮಿಷನ್ನಿನಿಂದ ತಲೆ ಎತ್ತಿ ಒಂದು ಸಲ ನೋಡುತ್ತಾರೆ. ಮೊದಲ ಮೆಟ್ಟಿಲಿಗೆ ಎದೆ, ಎರಡನೆಯದಕ್ಕೆ ಸೊಂಟ, ಹೊಸ್ತಿಲು ದಾಟುವಾಗ ತೋಳು. ಗಿರಾಕಿ ಒಳಗೆ ಬಂದು ನಮಸ್ಕಾರ ಹೇಳುವಷ್ಟರಲ್ಲಿ ಅವನು ಹೆಂಡತಿಯಿಂದಲೂ ಮುಚ್ಚಿಟ್ಟುಕೊಂಡ ಸೊಂಟದ ಸತ್ಯ ಅಳತೆ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಒಮ್ಮೆ ಠಾಣೆಯ ಇನ್‌ಸ್ಪೆಕ್ಟರು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಉಸಿರು ಕಟ್ಟಿ ನಿಂತರು. ಮಾಸ್ತರು ಸೀಮೆಸುಣ್ಣ ಕಿವಿಯ ಮೇಲಿಟ್ಟು ಸಾವಧಾನವಾಗಿ ಹೇಳಿದರು: "ಉಸಿರು ಬಿಡಿ ಸಾರ್. ಪ್ಯಾಂಟು ಮೂರು ವರ್ಷ ಬಾಳಿಕೆ ಬರುತ್ತೆ. ಅಲ್ಲೀವರೆಗೂ ಹೀಗೇ ಇರೋಕಾಗಲ್ಲ."

ಎದುರುಗಡೆ ಕ್ಷೌರದಂಗಡಿ ಇದೆ. ಅದರ ಯಜಮಾನನೇ ಮಾಸ್ತರ ಆಸ್ಥಾನದ ವಂದಿಮಾಗಧ. ಗಿರಾಕಿಯ ಗಂಟಲಿನ ಮೇಲೆ ಕತ್ತಿ ಇಟ್ಟುಕೊಂಡು ಕಥೆ ಹೇಳುವವನಾದ್ದರಿಂದ ಅವನ ಕಥೆಗಳನ್ನು ಯಾರೂ ಅನುಮಾನಿಸುವುದಿಲ್ಲ. ಮಾಸ್ತರು ಓಡುವ ಬಸ್ಸಿನ ಕಿಟಕಿಯಲ್ಲಿ ಒಬ್ಬನನ್ನು ಕಂಡು, ಅವನು ಮಾರನೆಯ ವಾರ ಅಂಗಡಿಗೆ ಬರುವ ಮೊದಲೇ ಕೋಟು ಹೊಲಿದಿಟ್ಟಿದ್ದರಂತೆ. ಗೋಡೆಯ ಮೇಲಿನ ನೆರಳು ನೋಡಿ ಕುಪ್ಪಸ ಹೊಲಿದಿದ್ದರಂತೆ. ಇವೆಲ್ಲ ಅಂತೆಗಳಾದರೂ ಕಂಬಳಿಯ ಕಥೆ ಮಾತ್ರ ನಮ್ಮೆಲ್ಲರ ಕಣ್ಣೆದುರೇ ನಡೆದದ್ದು. ಬಟ್ಟೆ ಅಂಗಡಿಯ ಸಾಹುಕಾರರಿಗೆ ಈ ಹೊಗಳಿಕೆ ಕೇಳಿ ಕೇಳಿ ತಲೆ ಕೆಟ್ಟು, ಎಲ್ಲಿಂದಲೋ ಒಬ್ಬ ಅಪರಿಚಿತನನ್ನು ಕರೆತಂದು, ಕತ್ತಿನಿಂದ ಪಾದದವರೆಗೆ ಕಂಬಳಿ ಸುತ್ತಿ ಅಂಗಡಿಯ ಮುಂದೆ ನಿಲ್ಲಿಸಿದರು. ಬೀದಿಗೆ ಬೀದಿಯೇ ಸೇರಿತು. ಮಾಸ್ತರು ಆ ಕಂಬಳಿಯ ಗಂಟನ್ನು ನೋಡಿದರು. ಅವನಿಗೆ ನಾಲ್ಕು ಹೆಜ್ಜೆ ನಡೆಯಲು ಹೇಳಿದರು. ಎದೆ ಮೂವತ್ತೆಂಟು, ಸೊಂಟ ಮೂವತ್ತಮೂರು, ಎಡಭುಜ ಅರ್ಧ ಇಂಚು ಇಳಿದಿದೆ, ಆ ಕೈಯಲ್ಲಿ ಬಹಳ ಕಾಲ ಭಾರ ಹೊತ್ತಿದ್ದಾನೆ ಎಂದರು. ಸಾಹುಕಾರರು ಅಡ್ಡರಸ್ತೆಯ ಇನ್ನೊಬ್ಬ ಟೈಲರನ್ನೇ ಕರೆಸಿ ಟೇಪು ಹಾಕಿಸಿದರು. ಅವನಿಗೆ ನಮ್ಮ ಮಾಸ್ತರನ್ನು ಕಂಡರೆ ಆಗುವುದಿಲ್ಲ, ಆದ್ದರಿಂದ ಅವನ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಇಲ್ಲ. ಮೂವತ್ತೆಂಟು, ಮೂವತ್ತಮೂರು. ಎಡಭುಜ ಇಳಿದಿತ್ತು. ಅಪರಿಚಿತ ಇಪ್ಪತ್ತು ವರ್ಷ ನೀರಿನ ಕೊಡ ಹೊತ್ತವನು. ಸಾಹುಕಾರರು ಅಂದು ಇಡೀ ಬೀದಿಗೆ ಟೀ ಕುಡಿಸಿದರು, ಕಂಬಳಿಯವನಿಗೆ ಎರಡು ಲೋಟ.

ಈ ವಿದ್ಯೆ ಮಾಸ್ತರಿಗೆ ಎಲ್ಲಿಂದ ಬಂತು ಎಂಬುದರ ಬಗ್ಗೆ ಎರಡು ಮತಗಳಿವೆ. ಯಾವುದೋ ದೂರದ ಊರಿನ ಕುರುಡು ಗುರುವಿನಿಂದ ಬಂತೆಂಬುದು ಕ್ಷೌರದಂಗಡಿಯ ಮತ. ಕಣ್ಣಿನ ವಿದ್ಯೆಯನ್ನು ಕುರುಡ ಹೇಗೆ ಕಲಿಸಿದ ಎಂದು ಕೇಳಿದರೆ ಕತ್ತಿ ಸ್ವಲ್ಪ ಒತ್ತುತ್ತದೆ. ಪರರ ಮೈ ಮುಟ್ಟಬಾರದೆಂಬ ಮಾಸ್ತರ ಸಂಕೋಚದಿಂದ ಬಂದದ್ದು ಎಂಬುದು ಹೆಂಗಸರ ಮತ, ಹಾಗಾಗಿಯೇ ಮೂರು ಬೀದಿಯ ಹೆಂಗಸರೂ ಅಲ್ಲಿಗೇ ಬರುತ್ತಿದ್ದರು. ಮಾಸ್ತರನ್ನೇ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಷ್ಟು ಚೆಂದದ ಕಥೆ ಕೈಯಲ್ಲಿರುವಾಗ ಕಥಾನಾಯಕನನ್ನು ಕೇಳಿ ಅದನ್ನು ಹಾಳು ಮಾಡಿಕೊಳ್ಳುವಷ್ಟು ದಡ್ಡರು ನಮ್ಮ ಬೀದಿಯಲ್ಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ಎರಡು ಮಿಷನ್ನು, ತಲೆಯಿಲ್ಲದ ಒಂದು ಗೊಂಬೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಪರದೆಯ ಹಿಂದೆ ಎರಡು ಕೋಣೆಯ ಮನೆ. ಮಾಸ್ತರ ಹೆಂಡತಿ ಎರಡನೆಯ ಮಿಷನ್ನಿನಲ್ಲಿ ಅಂಚು ಹೊಲಿಯುತ್ತಾಳೆ. ಮಾಸ್ತರ ಅಮ್ಮ ಪರದೆಯ ಪಕ್ಕದ ಚಾಪೆಯ ಮೇಲೆ ಕೂತು ಗುಂಡಿ, ಗುಂಡಿ ತೂರಿಸುವ ಕಾಜ ನೋಡಿಕೊಳ್ಳುತ್ತಾರೆ. ಇನ್ನೊಬ್ಬ ಮಾಸ್ತರ ತಮ್ಮ. ಅವನಿಗೆ ಬೀದಿ ಇಟ್ಟ ಹೆಸರು ಕತ್ತರಿ.

ಹೆಸರು ಸುಮ್ಮನೆ ಬಂದದ್ದಲ್ಲ. ಅಣ್ಣ ಒಳ್ಳೆಯ ಹೊಲಿಗೆಗಾರ, ಆದರೆ ಕೈಯಲ್ಲಿ ಜಾದೂ ಇದ್ದದ್ದು ತಮ್ಮನಿಗೆ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಮಾತ್ರ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ನೀರಲ್ಲಿ ದೋಣಿ ಬಿಟ್ಟಂತೆ ಬಿಡುತ್ತಿದ್ದ. ಅಡಿಯ ಪದರಕ್ಕೂ ಮೇಲಿನ ಪದರಕ್ಕೂ ನೂಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಕತ್ತರಿಸುವಾಗ ಬಾಯಿಯೂ ಬಿಡುವಿಲ್ಲದೆ ಓಡುತ್ತಿತ್ತು. ಅತ್ತಿಗೆಯನ್ನು ಗೋಳು ಹೊಯ್ದುಕೊಳ್ಳುವುದು, ಗೊಂಬೆಗೆ ಸಾಹುಕಾರರ ಹೆಸರಿಟ್ಟು ಅದಕ್ಕೆ ಬುದ್ಧಿ ಹೇಳುವುದು. ಅಮ್ಮ ನಕ್ಕು ನಕ್ಕು ಸೂಜಿ ಚುಚ್ಚಿಕೊಳ್ಳುತ್ತಿದ್ದರು.

ಶಾಲೆ ಶುರುವಾಗುವ ಮುಂಚಿನ ಎರಡು ತಿಂಗಳು ಸಮವಸ್ತ್ರದ ಹಂಗಾಮು. ಅಂಥ ಒಂದು ಹಂಗಾಮಿನಲ್ಲಿ ಕತ್ತರಿಯ ಬಲಭುಜ ಹಿಡಿದುಕೊಂಡಿತು. ವೈದ್ಯರು ಹತ್ತು ದಿನಕ್ಕೆ ಒಂದು ನೋವಿನ ಮಾತ್ರೆ ಬರೆದುಕೊಟ್ಟರು. ಚಿಕ್ಕದು, ಬಿಳಿ, ಅಮ್ಮನ ಡಬ್ಬಿಯಲ್ಲಿರುವ ಅಂಗಿ ಗುಂಡಿಗಿಂತ ಸಣ್ಣದು. ಅದನ್ನು ನುಂಗಿದ ಅರ್ಧ ಗಂಟೆಗೆ ಭುಜದ ನೋವು ಹೋಯಿತು, ಅದರ ಜೊತೆಗೆ ದಣಿವು, ಬೇಸರ, ಸಾಹುಕಾರರ ತಗಾದೆಯ ಭಯ ಎಲ್ಲವೂ ಹೋದವು. ಆ ವರ್ಷ ಐನೂರು ಜೊತೆ ಸಮವಸ್ತ್ರ ಕತ್ತರಿಸಿದ. ಮಾಸ್ತರು ಹಿಗ್ಗಿದರು. ಹತ್ತು ದಿನ ಮುಗಿದಾಗ ಇನ್ನೂ ಇನ್ನೂರು ಜೊತೆ ಬಾಕಿ ಇತ್ತು. ಭುಜ ಉಜ್ಜಿಕೊಳ್ಳುತ್ತಾ ನಿಂತಿದ್ದ ತಮ್ಮನಿಗೆ ಮಾಸ್ತರೇ ಹೇಳಿದರು: "ಇನ್ನೊಂದು ಪಟ್ಟಿ ಮಾತ್ರೆ ತಂದ್ಕೊಳ್ಳೋ. ಹಂಗಾಮು ಒಂದು ಮುಗೀಲಿ."

ಹಂಗಾಮು ಮುಗಿಯಿತು. ಮಾತ್ರೆ ಮುಗಿಯಲಿಲ್ಲ. ಔಷಧಿ ಅಂಗಡಿಯವನಿಗೆ ಪರಿಚಯದ ಮುಖ, ಚೀಟಿ ಕೇಳುವುದನ್ನು ಬಿಟ್ಟ. ದಿನಕ್ಕೆ ಒಂದಿದ್ದದ್ದು ನಾಲ್ಕಾಯಿತು, ನಾಲ್ಕು ಎಂಟಾಯಿತು. ಆಮೇಲೆ ನುಂಗಿದರೆ ಸಾಲದಾಗಿ ಸೂಜಿಗೆ ಬಂತು. ಸೂಜಿಯ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ಬಗೆಯ ಸೂಜಿ ಹಿಡಿಯಲು ಯಾರೂ ಕಲಿಸಬೇಕಾಗಲಿಲ್ಲ. ಬೇಸಗೆಯ ಉರಿಯಲ್ಲೂ ತುಂಬುತೋಳಿನ ಅಂಗಿ ತೊಟ್ಟ, ಮಣಿಕಟ್ಟಿನವರೆಗೂ ಗುಂಡಿ ಹಾಕಿದ. ಯಾರ ಕೈ ತಗುಲಿದರೂ, ಅಣ್ಣ ಟೇಪು ಹಿಡಿದು ಬಂದರೂ ಹಿಂದಕ್ಕೆ ಸರಿಯುತ್ತಿದ್ದ. ಗಡ್ಡ ಬಿಟ್ಟ. ಕ್ಷೌರದಂಗಡಿಯವನು ಬೇಸರ ಮಾಡಿಕೊಂಡು, ಹುಡುಗ ಯಾವಳನ್ನೋ ಪ್ರೀತಿಸಿ ಕೈಸುಟ್ಟುಕೊಂಡಿದ್ದಾನೆ ಎಂದು ಸುದ್ದಿ ಹಬ್ಬಿಸಿದ. ಬೀದಿ ಅದನ್ನೇ ನಂಬಿ, ಹುಡುಗಿ ಯಾರೆಂದು ಹುಡುಕುವುದರಲ್ಲಿ ಆರು ತಿಂಗಳು ಸುಖವಾಗಿ ಕಳೆಯಿತು.

ಮಾಸ್ತರಿಗೆ ಮಾತ್ರ ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ, ಎಷ್ಟೆಂದು ಗೊತ್ತಿತ್ತು. ತಮ್ಮನ ಸೊಂಟ ಮೂವತ್ತನಾಲ್ಕು. ಒಂದು ಮಧ್ಯಾಹ್ನ ಅವನು ಮೇಜಿನ ಆ ಕಡೆಯಿಂದ ಈ ಕಡೆಗೆ ಬರುವಾಗ ಪ್ಯಾಂಟು ಹಿಂದುಗಡೆ ನೆರಿಗೆ ಬಿದ್ದದ್ದು ಕಂಡಿತು. ಮೂವತ್ತಮೂರು.

ಮನುಷ್ಯ ಒಣಗುತ್ತಿದ್ದರೆ ವೈದ್ಯನಾದವನು ಔಷಧ ಕೊಡುತ್ತಾನೆ, ತಾಯಿಯಾದವಳು ಇನ್ನೊಂದು ತುತ್ತು ಬಡಿಸುತ್ತಾಳೆ. ಟೈಲರಾದವನು ಪ್ಯಾಂಟು ಬಿಗಿ ಮಾಡುತ್ತಾನೆ. ಮಾಸ್ತರು ತಂತಿಯ ಮೇಲೆ ಒಣಗಿದ್ದ ತಮ್ಮನ ಪ್ಯಾಂಟುಗಳನ್ನು ತಂದು, ಹಿಂಬದಿ ಬಿಚ್ಚಿ, ಒಂದೊಂದು ಇಂಚು ಹಿಡಿದು, ಇಸ್ತ್ರಿ ಮಾಡಿ ಅದೇ ಜಾಗದಲ್ಲಿಟ್ಟರು. ತಮ್ಮ ನೋಡಿ ತೊಟ್ಟುಕೊಂಡ, ಅಣ್ಣ ನೋಡಿ ಮಿಷನ್ನಿಗೆ ಮರಳಿದರು. ಊರಿಗೆಲ್ಲ ಒಪ್ಪವಾಗಿ ಹೊಲಿಯುವವರ ಮನೆಯಲ್ಲಿ ಸಡಿಲ ಬಟ್ಟೆ ಓಡಾಡಬಾರದು ಎಂಬುದು ಅಪ್ಪನ ಕಾಲದಿಂದ ಬಂದ ಮರ್ಯಾದೆ. ಸೊಂಟ ಮೂವತ್ತೆರಡಾದಾಗ ಮತ್ತೆ ಬಿಗಿ ಮಾಡಿದರು. ಮೂವತ್ತೊಂದಾದಾಗ ಅಂಗಿಗಳ ಪಕ್ಕವನ್ನೂ ಹಿಡಿದರು, ಭುಜ ಇಳಿದದ್ದು ಕಾಣದಿರಲೆಂದು ಒಳಗೆ ತೆಳ್ಳಗೆ ಹತ್ತಿ ಕೂರಿಸಿದರು. ಇಪ್ಪತ್ತೊಂಬತ್ತಾದಾಗ ಹೊಸದಾಗಿಯೇ ಎರಡು ಜೊತೆ ಹೊಲಿದರು. ಮಾಸ್ತರು ಅಷ್ಟು ಅದ್ಭುತವಾಗಿ ಜೀವಮಾನದಲ್ಲಿ ಹೊಲಿದಿರಲಿಲ್ಲ. ಕರಗುತ್ತಿದ್ದ ಒಂದು ದೇಹವನ್ನು ಹದಿನಾಲ್ಕು ತಿಂಗಳು ಅವರು ಬಟ್ಟೆಯೊಳಗೆ ತುಂಬಿ ನಿಲ್ಲಿಸಿದರು.

ಅಮ್ಮ ಚಾಪೆಯ ಮೇಲಿಂದ ಮಗನನ್ನು ನೋಡುತ್ತಿದ್ದರು. ಚಿಕ್ಕವನು ಬಟ್ಟೆ ಹಾಕಿದರೆ ಅಂಗಡಿಯ ಗೊಂಬೆಗೆ ಹಾಕಿದಂತೆಯೇ ಕೂರುತ್ತದೆ ಎಂದು ಸೊಸೆಗೆ ಹೇಳಿ ಸಂತೋಷಪಡುತ್ತಿದ್ದರು. ಕೆನ್ನೆ ಗುಳಿಬಿದ್ದದ್ದನ್ನು ಗಡ್ಡ ಮುಚ್ಚಿತ್ತು. ಉಳಿದದ್ದನ್ನೆಲ್ಲ ಹಿರಿಯ ಮಗ ಮುಚ್ಚಿದ್ದರು.

ಎರಡು ವರ್ಷ ಕಳೆದು ಬಂದ ಹಂಗಾಮಿನಲ್ಲಿ, ನಲವತ್ತು ಪದರ ನೀಲಿ ಬಟ್ಟೆಯ ನಡುವೆ ಕತ್ತರಿ ಓಡುತ್ತಿದ್ದಾಗ ತಮ್ಮ ಬಿದ್ದ. ಕೈಯಲ್ಲಿದ್ದ ಕತ್ತರಿ ಬಿಡದೆ ಬಿದ್ದದ್ದರಿಂದ ನಲವತ್ತು ಪದರವೂ ಓರೆಯಾಗಿ ಕೊನೆಯವರೆಗೆ ಸೀಳಿತು. ಆಸ್ಪತ್ರೆಯಲ್ಲಿ ನರ್ಸು ತುಂಬುತೋಳನ್ನು ಕತ್ತರಿಸಿ ಅಂಗಿ ತೆಗೆದಳು. ಬೆಳಗ್ಗೆಯವರೆಗೂ ಗೊಂಬೆಯಂತಿದ್ದ ಮಗ ಅಂಗಿಯೊಳಗೆ ಇರಲೇ ಇಲ್ಲ. ಇದ್ದದ್ದು ಪಕ್ಕೆಲುಬುಗಳ ಒಂದು ಗೂಡು, ಮೊಣಕೈಯ ಒಳಬದಿಯಲ್ಲಿ ಕಪ್ಪು ಕಾಜಗಳ ಸಾಲಿದ್ದ ಎರಡು ತೋಳು. ಅಮ್ಮ ನೆಲಕ್ಕೆ ಬಿದ್ದ ಅಂಗಿಯನ್ನು ಎತ್ತಿಕೊಂಡು ಒಳಮೈ ಹೊರಗಾಗುವಂತೆ ತಿರುವಿದರು. ಪಕ್ಕದ ಹೊಲಿಗೆಯನ್ನು ಬೆರಳಿನಲ್ಲಿ ಸವರಿ ನೋಡಿದರು. ಒಂದು, ಎರಡು, ಮೂರು, ನಾಲ್ಕು ಸಾಲು. ಭುಜದ ಹತ್ತಿಯನ್ನು ಹಿಸುಕಿದರು.

"ಎಷ್ಟು ಚೆನ್ನಾಗಿ ಹೊಲಿದಿದೀಯಪ್ಪ," ಅಂದರು ಹಿರಿಯ ಮಗನಿಗೆ. "ನನ್ನ ಕಣ್ಣಿಗೇ ಕಾಣದ ಹಾಗೆ ಹೊಲಿದಿದೀಯ."

ಮಾಸ್ತರನ್ನು ಅವರ ಅಪ್ಪ ಕೂಡ ಆ ರೀತಿ ಹೊಡೆದಿರಲಿಲ್ಲ.

ಹುಡುಗ ಬದುಕಿದ. ಆರು ದಿನದ ನಂತರ ಮನೆಗೆ ಬಂದ, ಅಮ್ಮ ಯುದ್ಧ ಸಾರಿದರು. ಈ ಕುಟುಂಬಕ್ಕೆ ಗೊತ್ತಿದ್ದ ಆಯುಧಗಳು ಸೂಜಿ, ದಾರ ಮತ್ತು ಬ್ಲೇಡು. ಅಮ್ಮನ ತರ್ಕ ಸರಳವಾಗಿತ್ತು: ಮಾತ್ರೆ ಮನೆಗೆ ಬರುವುದು ಜೇಬಿನಲ್ಲಿ, ಜೇಬೇ ಇಲ್ಲದಿದ್ದರೆ ಬರುವುದೆಲ್ಲಿಂದ? ಒಂದು ಬೆಳಗ್ಗೆ ಅತ್ತೆ ಸೊಸೆ ಸೇರಿ ಕತ್ತರಿಯ ಎಲ್ಲ ಬಟ್ಟೆಗಳ ಜೇಬುಗಳಿಗೂ ಬಾಯಿ ಹೊಲಿದರು. ಇಪ್ಪತ್ತೆರಡು ಜೇಬು. ಊರಿಗೆಲ್ಲ ಜೇಬು ಇಟ್ಟುಕೊಡುವ ಅಂಗಡಿಯಲ್ಲಿ ಜೇಬಿಲ್ಲದ ಒಬ್ಬ ಮನುಷ್ಯ ಓಡಾಡತೊಡಗಿದ. ತೋಳುಗಳನ್ನೂ ಅರ್ಧಕ್ಕೆ ಇಳಿಸಿದರು. ಅತ್ತಿಗೆ ಮೈದುನನಿಗೆ ಹೇಳಿದಳು, "ಇನ್ಮೇಲೆ ಕೈ ಇಟ್ಕೊಳ್ಳೋಕೂ ಜಾಗ ಇಲ್ಲ ನೋಡು. ಕೆಲಸ ಮಾಡಲೇಬೇಕು." ಅವನು ನಕ್ಕ. ಆ ನಗು ನೋಡಿ ಎಲ್ಲರೂ ಗೆದ್ದೆವೆಂದುಕೊಂಡರು.

ಆದರೆ ಎದುರಾಳಿಯೂ ಅದೇ ಗರಡಿಯವನು. ಬಟ್ಟೆಯಲ್ಲಿ ಎಲ್ಲೆಲ್ಲಿ ಎರಡು ಪದರ ಇರುತ್ತದೆಂದು ಅವನಿಗೆ ಹೇಳಿಕೊಡಬೇಕೆ? ಮೊದಲ ವಾರ ಕಾಲರಿನೊಳಗೆ ಸಿಕ್ಕಿತು. ಎರಡನೆಯ ವಾರ ಪ್ಯಾಂಟಿನ ಕೆಳಮಡಿಕೆಯಲ್ಲಿ. ಅಮ್ಮ ಪ್ರತಿ ಸಂಜೆ ಬ್ಲೇಡು ಹಿಡಿದು ಅಂಚುಗಳನ್ನು ಬಿಚ್ಚುತ್ತಿದ್ದರು, ಬೆಳಗ್ಗೆ ಸೊಸೆ ಮತ್ತೆ ಹೊಲಿಯುತ್ತಿದ್ದಳು. ಸೊಂಟಪಟ್ಟಿಯೊಳಗೆ ಸಿಕ್ಕಿತು, ಗುಂಡಿಪಟ್ಟಿಯ ಅಡಿ ಸಿಕ್ಕಿತು. ಒಂದು ದಿನ ಗೊಂಬೆಯ ಕತ್ತಿನ ಮುಚ್ಚಳ ತೆಗೆದು ನೋಡಿದರೆ ಹೊಟ್ಟೆ ತುಂಬ ಖಾಲಿ ಪಟ್ಟಿಗಳು. ಅಷ್ಟು ದಿನ ಸಾಹುಕಾರರ ಹೆಸರು ಹೊತ್ತು ನಿಂತಿದ್ದ ಗೊಂಬೆಯನ್ನು ಅಮ್ಮ ಹಿತ್ತಲಿನ ಬಾಗಿಲಿನಿಂದ ಆಚೆ ಹಾಕಿಸಿದರು.

ಯುದ್ಧದ ದೊಡ್ಡ ಕಾಳಗ ನಡೆದದ್ದು ಲೆಕ್ಚರರ ಕೋಟಿನಲ್ಲಿ. ಕಾಲೇಜಿನಲ್ಲಿ ಉಡುಪು ವಿನ್ಯಾಸ ಕಲಿಸುವ ಈ ಲೆಕ್ಚರರು ಮಾಸ್ತರ ಪರಮಭಕ್ತರು. ಅವರ ಹೊಸ ಕೋಟು ಸಿದ್ಧವಾಗಿ ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಮನೆಯವರ ಬಟ್ಟೆಯಲ್ಲಿ ಇನ್ನು ಜಾಗವಿಲ್ಲವೆಂದು ಕತ್ತರಿ ಅದರ ಬಲಭುಜದ ಹತ್ತಿಯೊಳಗೆ ಹತ್ತು ಮಾತ್ರೆ ಸೇರಿಸಿ ಹೊಲಿದಿದ್ದ. ಲೆಕ್ಚರರು ಹೇಳಿದ ದಿನಕ್ಕಿಂತ ಒಂದು ದಿನ ಮುಂಚೆಯೇ ಬಂದು, ಕೋಟು ತೊಟ್ಟು, ಕನ್ನಡಿ ನೋಡಿಕೊಂಡು ಹೊರಟೇಬಿಟ್ಟರು. ಮಾಸ್ತರು ಅವರ ಬೆನ್ನು ನೋಡಿದರು. ಬಲಭುಜ ಕಾಲಿಂಚು ಮೇಲಿತ್ತು. ತಿರುಗಿ ತಮ್ಮನನ್ನು ನೋಡಿದರು. ತಮ್ಮನ ಕಣ್ಣು ಆ ಭುಜದ ಹಿಂದೆಯೇ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲೇ ನಿಂತಿತ್ತು.

ಮಾಸ್ತರು ಚಪ್ಪಲಿ ಮೆಟ್ಟದೆ ಓಡಿದರು. ಬಸ್ ನಿಲ್ದಾಣದಲ್ಲಿ ಲೆಕ್ಚರರನ್ನು ಹಿಡಿದು, ಬಲಭುಜ ತಪ್ಪಿದೆ, ನನ್ನದೇ ತಪ್ಪು, ಕೋಟು ಬಿಚ್ಚಿಕೊಡಿ ಎಂದರು. ಲೆಕ್ಚರರು ಒಪ್ಪಲಿಲ್ಲ. ಮಾಸ್ತರ ಕಣ್ಣು ತಪ್ಪುವುದುಂಟೆ, ತಪ್ಪಿರುವುದು ನನ್ನ ಭುಜವೇ ಇರಬೇಕು, ಪುಸ್ತಕದ ಚೀಲ ಹೊತ್ತು ಹೀಗಾಗಿದೆ, ವ್ಯಾಯಾಮ ಮಾಡಿ ಸರಿಪಡಿಸಿಕೊಳ್ಳುತ್ತೇನೆ ಎಂದರು. ಹತ್ತು ನಿಮಿಷ ನಡುರಸ್ತೆಯಲ್ಲಿ ಒಬ್ಬರು ತಪ್ಪು ತಮ್ಮದೆಂದು, ಇನ್ನೊಬ್ಬರು ತಮ್ಮದೆಂದು ಜಗಳವಾಡಿದರು. ಕೊನೆಗೆ ಮಾಸ್ತರು ಕೋಟನ್ನು ಮೈಯಿಂದ ಎಳೆದುಕೊಂಡೇ ಬಂದರು. ನಮ್ಮ ಬೀದಿ ಈ ಸುದ್ದಿ ಕೇಳಿ ತಲ್ಲಣಿಸಿತು. ಮಾಸ್ತರ ಕಣ್ಣು ಕಾಲಿಂಚು ತಪ್ಪಿದೆಯಂತೆ ಎಂದು ಅಡ್ಡರಸ್ತೆಯ ಟೈಲರು ಮೂರು ದಿನ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಮಾಸ್ತರು ಹೌದು, ತಪ್ಪಿತು ಎಂದೇ ಒಪ್ಪಿಕೊಂಡರು.

ಆ ಹತ್ತು ಮಾತ್ರೆಗಳನ್ನು ಅವರು ಚರಂಡಿಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಮೇಜಿನ ಅಂಚು ಹಿಡಿದು ತಮ್ಮ ಚಳಿಯಲ್ಲಿ ನೆನೆದವನಂತೆ ನಡುಗುತ್ತ ನಿಂತಿದ್ದ. ಮೂಗಿನಿಂದ ನೀರು ಸುರಿಯುತ್ತಿತ್ತು. "ಅಣ್ಣ, ಒಂದೇ ಒಂದು," ಅಂದ. "ಬಿಡ್ತೀನಿ ಅಣ್ಣ. ಒಂದೇ ಸಲಕ್ಕೆ ಆಗಲ್ಲ." ಮಾಸ್ತರಿಗೆ ಆಗ ಒಂದು ಉಪಾಯ ಹೊಳೆಯಿತು, ಅದೂ ಟೈಲರಿಗೆ ಮಾತ್ರ ಹೊಳೆಯುವಂಥದ್ದು. ಸೊಂಟವನ್ನು ಒಂದೊಂದೇ ಇಂಚು ಬಿಗಿ ಮಾಡುತ್ತ ಬಂದಂತೆ ಈ ಚಟವನ್ನೂ ಮಾಡಬಾರದೇಕೆ? ದಾರ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದು ಮಾತ್ರೆಯನ್ನು ಎರಡಾಗಿ ಮಾಡಿದರು. ನಾಳೆಯಿಂದ ಅರ್ಧ, ಆಮೇಲೆ ಕಾಲು, ಇಪ್ಪತ್ತು ದಿನಕ್ಕೆ ಸೊನ್ನೆ. ಯಾರನ್ನೂ ಕೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ತಮ್ಮ ಪ್ರತಿದಿನ ಮಗುವಿನಂತೆ ಬಂದು ಅಂಗೈ ಚಾಚಿ, ಅಣ್ಣ ಕೊಟ್ಟ ಚೂರನ್ನು ನುಂಗಿ ಹೋಗುತ್ತಿದ್ದ. ಮಾಸ್ತರು ಐದು ದಿನ ಸೈನ್ಯಾಧಿಪತಿಯ ಹಾಗೆ ತಿರುಗಾಡಿದರು. ಆರನೆಯ ದಿನ ಔಷಧಿ ಅಂಗಡಿಯವನು ಕ್ಷೌರಕ್ಕೆ ಕೂತಾಗ, ಗಂಟಲಿನ ಮೇಲೆ ಕತ್ತಿ ಇದ್ದದ್ದರಿಂದಲೋ ಏನೋ, ಸತ್ಯ ಹೇಳಿದ: ಹುಡುಗ ದಿನಕ್ಕೆ ಎರಡು ಪಟ್ಟಿ ಒಯ್ಯುತ್ತಿದ್ದಾನೆ. ಅಣ್ಣನ ಚೂರನ್ನು ಅವನು ನುಂಗುತ್ತಿದ್ದದ್ದು ಅಣ್ಣನ ಸಮಾಧಾನಕ್ಕೆ.

ಅದಾದ ಮೇಲೆ ಚಿಕಿತ್ಸಾ ಕೇಂದ್ರ. ಊರಾಚೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಬೆಲ್ಟು, ದಾರ, ಸೂಜಿ ಯಾವುದಕ್ಕೂ ಪ್ರವೇಶವಿಲ್ಲ. ಕೊಡುವ ಬಟ್ಟೆಗೆ ಜೇಬೂ ಇಲ್ಲ. ಅದನ್ನು ಕಂಡು ಅಮ್ಮನಿಗೆ ತಮ್ಮ ತಂತ್ರವನ್ನು ದೊಡ್ಡವರೂ ಒಪ್ಪಿದ್ದಾರೆಂದು ಸ್ವಲ್ಪ ಹೆಮ್ಮೆಯಾಯಿತು. ಮಾತ್ರೆ ಕತ್ತರಿಸಿಕೊಟ್ಟ ಕಥೆಯನ್ನು ಮಾಸ್ತರು ತಲೆ ತಗ್ಗಿಸಿ ಒಪ್ಪಿಸಿದಾಗ ಅಲ್ಲಿನ ಡಾಕ್ಟರಮ್ಮ ಬೈಯಲಿಲ್ಲ. ಔಷಧ ಇಳಿಸುವುದಕ್ಕೂ ಒಂದು ಕ್ರಮ ಇದೆ, ಅದನ್ನು ನಮಗೆ ಬಿಡಿ ಎಂದರು. ಮತ್ತೆ ಹೇಳಿದರು: "ಇದು ಕಾಯಿಲೆ ಮಾಸ್ತರೇ. ವಾಸಿಯಾಗಿ ಮನೆಗೆ ಬಂದ ಮೇಲೂ ಮರುಕಳಿಸಬಹುದು. ಮರುಕಳಿಸಿದ್ರೆ ಮುಚ್ಚಬೇಡಿ. ಆ ದಿನಾನೇ ಕರ್ಕೊಂಡ್ ಬನ್ನಿ."

ಭಾನುವಾರ ಅರ್ಧ ಗಂಟೆ ಭೇಟಿ, ಅದೂ ಜಾಲರಿಯ ಈಚೆಯಿಂದ. ಅಮ್ಮ ಅಳುತ್ತಿದ್ದರು, ಅತ್ತಿಗೆ ಬೀದಿಯ ಸುದ್ದಿ ಹೇಳುತ್ತಿದ್ದಳು. ಮಾಸ್ತರು ನೋಡುತ್ತಿದ್ದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಮ್ಮ ಒಂದೇ ಮಾತು ಕೇಳುತ್ತಿದ್ದರು, ಎಷ್ಟು ಎಂದು. ಮೊದಲ ಭಾನುವಾರ ಇಪ್ಪತ್ತೇಳು. ಮೂರನೆಯದಕ್ಕೆ ಇಪ್ಪತ್ತೆಂಟು. ಅಳತೆ ಪುಸ್ತಕದಲ್ಲಿ ಒಂದು ಹಾಳೆ ತುಂಬ ಒಬ್ಬನದೇ ಸೊಂಟ, ಮೊದಲು ಕೆಳಗಿಳಿದು ಆಮೇಲೆ ಅರ್ಧರ್ಧವಾಗಿ ಮೇಲೆ ಹತ್ತುತ್ತ ಹೋಗಿತ್ತು. ನಾಲ್ಕನೆಯ ತಿಂಗಳಿಗೆ ಮೂವತ್ತೊಂದು. ಮಾಸ್ತರು ಬಿಡುಗಡೆಯ ದಿನಕ್ಕೆಂದು ಮೂವತ್ತೆರಡರ ಪ್ಯಾಂಟು ಹೊಲಿದರು, ಬೆಳೆಯುವ ಮಕ್ಕಳಿಗೆ ಒಂದಿಂಚು ಹೆಚ್ಚಿಟ್ಟು ಹೊಲಿಯುವಂತೆ. ಅಮ್ಮ ಅದಕ್ಕೆ ಜೇಬು ಇಡಿಸಿದರು. ನಾಲ್ಕು ಜೇಬು.

ಮನೆಗೆ ಬಂದ ಕತ್ತರಿ ಎರಡು ತಿಂಗಳಲ್ಲಿ ಆ ಪ್ಯಾಂಟನ್ನು ತುಂಬಿದ. ಗಡ್ಡ ತೆಗೆಸಿದ, ಕ್ಷೌರದಂಗಡಿಯವನು ಆ ದಿನ ಕಥೆ ಹೇಳುವುದನ್ನು ಮರೆತು ಬರೀ ಕೆನ್ನೆಯನ್ನೇ ಸವರಿದ. ಮೇಜಿನ ಮೇಲೆ ಪದರಗಳು ಮತ್ತೆ ಏರಿದವು, ಹಿತ್ತಲಿನಿಂದ ಗೊಂಬೆ ವಾಪಸ್ಸು ಬಂತು. ಅಂಗಡಿಯಲ್ಲಿ ನಗು ಕೇಳಿಸುತ್ತಿತ್ತು. ಅಮ್ಮ ಎಷ್ಟು ಎಂದು ಕೇಳುವುದನ್ನು ಬಿಟ್ಟಿದ್ದರು.

ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವನು ನೀಲಿ ಬಟ್ಟೆಯ ಸುರುಳಿ ಇಳಿಸಿಕೊಳ್ಳಲು ಕೈ ಎತ್ತಿದ. ಹಿಂದೆ ನೆರಿಗೆ ಬಿತ್ತು. ಮೂವತ್ತೊಂದೂವರೆ.

ಮಾಸ್ತರು ಮಿಷನ್ನು ನಿಲ್ಲಿಸಿದರು. ಹೋದ ಸಲದಂತೆ ಸುಮ್ಮನಿರಲಿಲ್ಲ. ಅಮ್ಮನಿಗೆ ಹೇಳಿದರು, ಹೆಂಡತಿಗೆ ಹೇಳಿದರು, ಅದೇ ದಿನ ಡಾಕ್ಟರಮ್ಮನಿಗೆ ಫೋನು ಮಾಡಿದರು. ಬಾ ಹೋಗೋಣ ಎಂದು ತಮ್ಮನ ಮುಂದೆ ನಿಂತರು. ಹೊಟ್ಟೆ ಕೆಟ್ಟಿದೆ, ಅದಕ್ಕೆ ಇಳಿದಿದ್ದೇನೆ ಎಂದ ತಮ್ಮ. ಮಾರನೆಯ ವಾರ ಕೆಲಸ ಜಾಸ್ತಿ ಎಂದ. ಅದರ ಮುಂದಿನ ವಾರ ಸಿಟ್ಟಾದ. ಔಷಧಿ ಅಂಗಡಿಯವನು ಕೊಡುವುದನ್ನು ನಿಲ್ಲಿಸಿದ್ದ, ಆದರೆ ಊರಿನಲ್ಲಿ ಅದೊಂದೇ ಅಂಗಡಿಯೆ? ಡಾಕ್ಟರಮ್ಮ ಎರಡು ಸಲ ಅಂಗಡಿಗೇ ಬಂದು ಕೂತು ಮಾತಾಡಿದರು. ಹೂಂ ಅನ್ನುತ್ತಿದ್ದ, ಹೊರಡುವ ಹೊತ್ತಿಗೆ ಇರುತ್ತಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಈ ಸಲ ಸರಿಯಾದ ಕ್ರಮದಲ್ಲಿ, ಸರಿಯಾದ ಹೊತ್ತಿಗೆ ಮಾಡಿದರು. ಮೂವತ್ತು. ಇಪ್ಪತ್ತೊಂಬತ್ತು.

ಒಂದು ದಿನ ಕತ್ತರಿ ಪ್ಯಾಂಟಿನ ಸೊಂಟವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ಅಣ್ಣನ ಮಿಷನ್ನಿನ ಮುಂದೆ ನಿಂತ.

"ಅಣ್ಣ, ಸ್ವಲ್ಪ ಬಿಗಿ ಮಾಡಿಕೊಡು."

"ಇಲ್ಲ."

"ಜಾರುತ್ತೆ ಅಣ್ಣ. ಜನ ನೋಡ್ತಾರೆ."

"ನೋಡ್ಲಿ."

ಪರದೆಯ ಪಕ್ಕ ಅಮ್ಮ ಕಾಜದ ಮೇಲೆ ಬಗ್ಗಿದ್ದವರು ತಲೆ ಎತ್ತಲಿಲ್ಲ. ಮಾಸ್ತರು ಪೆಡಲು ತುಳಿದರು. ಮಿಷನ್ನಿನಲ್ಲಿ ಬಟ್ಟೆ ಇಲ್ಲದೆಯೇ ಸೂಜಿ ಎರಡು ಮೂರು ಸಲ ಮೇಲೆ ಕೆಳಗೆ ಆಡಿತು. ತಮ್ಮನೇ ಮೇಜಿನ ಮೇಲಿಂದ ಬಟ್ಟೆಯ ಅಂಚಿನ ಚಿಂದಿಯೊಂದನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಹೋದ. ಆಮೇಲೆ ಅಂಗಡಿಗೆ ಕೆಲಸಕ್ಕೆ ಬರಲಿಲ್ಲ.

ಬೀದಿ ಬಿಟ್ಟು ಹೋಗಲೂ ಇಲ್ಲ. ಮತ್ತೆ ತುಂಬುತೋಳಿನ ಅಂಗಿ ತೊಟ್ಟು, ಮಧ್ಯಾಹ್ನದ ಹೊತ್ತಿಗೆ ಬಂದು ಕ್ಷೌರದಂಗಡಿಯ ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತಾನೆ. ಅಮ್ಮ ತಟ್ಟೆ ತೆಗೆದುಕೊಂಡು ರಸ್ತೆ ದಾಟುತ್ತಾರೆ. ಬಾಗಿಲು ತೆರೆದೇ ಇದೆ, ಒಳಗೆ ಬಾರೋ ಎನ್ನುತ್ತಾರೆ. ಅವನು ನಾಳೆ ಎನ್ನುತ್ತಾನೆ, ಎರಡು ತುತ್ತು ತಿಂದು ತಟ್ಟೆ ವಾಪಸ್ಸು ಕೊಡುತ್ತಾನೆ. ಅಮ್ಮ ವಾಪಸ್ಸು ಬಂದು ಚಾಪೆಯ ಮೇಲೆ ಕೂರುತ್ತಾರೆ. ಮತ್ತೆ ಕೇಳತೊಡಗಿದ್ದಾರೆ, ಎಷ್ಟು ಎಂದು. ಮಾಸ್ತರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅಮ್ಮನೊಡನೆ ಆದ ಒಪ್ಪಂದ ಅದು. ಹೇಳಿದ ಮೇಲೆ ಇಬ್ಬರಿಗೂ ಮಾಡಲು ಏನೂ ಉಳಿದಿರುವುದಿಲ್ಲ, ಗುಂಡಿ ಹಾಕುವುದೊಂದನ್ನು ಬಿಟ್ಟು.

ಹೀಗಿರುವಾಗ ಹೋದ ತಿಂಗಳು ಲೆಕ್ಚರರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾಸ್ತರ ದರ್ಶನಕ್ಕೆ ಬಂದರು. ಹನ್ನೆರಡು ಜನ, ಎಲ್ಲರ ಕತ್ತಿನಲ್ಲೂ ಹೊಸ ಟೇಪು. ಲೆಕ್ಚರರು ಅದೇ ಕೋಟು ತೊಟ್ಟಿದ್ದರು. ಕ್ಷೌರದಂಗಡಿಯವನು ಅರ್ಧ ಕ್ಷೌರ ಮಾಡಿಸಿಕೊಂಡವನನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದು ಕಂಬಳಿ, ಬಸ್ಸು, ನೆರಳು ಎಲ್ಲವನ್ನೂ ಹೇಳಿದ. ಕುರುಡು ಗುರುವಿಗೆ ಈ ಸಲ ಒಂದು ಗುಹೆಯನ್ನೂ ಕಟ್ಟಿಸಿಕೊಟ್ಟ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು, ಮಾಸ್ತರು ಹೇಳಿದರು, ಟೇಪು ಹಾಕಿ ನೋಡಿದರು. ಹನ್ನೆರಡಕ್ಕೆ ಹನ್ನೆರಡು ಸರಿ. ಸೇರಿದ ಬೀದಿ ಚಪ್ಪಾಳೆ ತಟ್ಟಿತು. ಲೆಕ್ಚರರ ಕಣ್ಣಲ್ಲಿ ನೀರು ಬಂತು. ಈ ವಿದ್ಯೆಯನ್ನು ಗ್ರಂಥವಾಗಿ ಬರೆಯಬೇಕು, ಇದಕ್ಕೊಂದು ಪೀಠ ಸ್ಥಾಪಿಸಬೇಕು ಎಂದರು.

ಗುಂಪಿನಲ್ಲಿದ್ದ ಒಬ್ಬ ಚುರುಕು ಹುಡುಗಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಹತ್ತಿರ ಬಂದವರ ಅಳತೆ ಹೇಳುವುದು ಬೇರೆ, ದೂರದವರದು ಬೇರೆ. ಅವಳು ರಸ್ತೆಯ ಆಚೆ ಗೋಡೆಗೆ ಒರಗಿದ್ದವನ ಕಡೆ ಕೈ ತೋರಿಸಿದಳು. "ಸಾರ್, ಅಲ್ಲಿ ನಿಂತಿದಾರಲ್ಲ, ಅವರದು?"

ಕ್ಷೌರದಂಗಡಿಯವನಿಗೆ ಕುರ್ಚಿಯಲ್ಲಿ ಬಿಟ್ಟು ಬಂದ ಅರ್ಧ ಕ್ಷೌರ ತಟ್ಟನೆ ನೆನಪಾಯಿತು. ಪರದೆಯ ಪಕ್ಕ ಸೂಜಿ ನಿಂತಿತು. ಮಾಸ್ತರು ತಲೆ ಎತ್ತಿ ರಸ್ತೆಯ ಆಚೆ ನೋಡಿದರು. ಎರಡು ಮುಷ್ಟಿಗಳಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದ ಕತ್ತರಿಯೂ ಈ ಕಡೆ ನೋಡುತ್ತಿದ್ದ.

"ಇಪ್ಪತ್ತಾರೂವರೆ," ಅಂದರು ಮಾಸ್ತರು.

ಹುಡುಗಿ ಕತ್ತಿನ ಟೇಪು ತೆಗೆದು ಮೆಟ್ಟಿಲಿಳಿದಳು. "ಹೋಗಿ ಅಳೆದು ನೋಡ್ಲಾ ಸಾರ್?"

"ಬೇಡಮ್ಮ," ಅಂದರು ಮಾಸ್ತರು. "ಟೇಪು ಹಿಡಿದ್ರೆ ತೋಳು ಕಾಣುತ್ತೆ ಅಂತ ಓಡಿಹೋಗ್ತಾನೆ. ಅದಕ್ಕೇ ನಾನು ಕಣ್ಣಲ್ಲಿ ನೋಡೋದು ಕಲಿತಿದ್ದು."